ಹೊಂಗೆ ಗಿಡದ ಬುಡದಲ್ಲಿ ಉಪ್ಪು

ದೇವರಾಜು ಗಿಡದ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡ.

“ಏನ್ರೀ ಇದು!” ಸಬ್ ಇನ್‌ಸ್ಪೆಕ್ಟರ್ ಸ್ನೇಹಲತಾ ಗದರಿದಳು. “ಫ್ಯಾಕ್ಟರಿ ಮಣ್ಣು. ಏನೇನು ಕೆಮಿಕಲ್ ಸೇರಿದೆಯೋ ಏನೋ. ಉಗೀರಿ ಮೊದಲು.”

ಹೆಡ್ ಕಾನ್‌ಸ್ಟೇಬಲ್ ದೇವರಾಜು ತಕ್ಷಣ ಉಗಿಯಲಿಲ್ಲ. ಸಾರಿನ ಹದ ನೋಡುವವನ ಹಾಗೆ ಕಣ್ಣು ಮುಚ್ಚಿ ಚಪ್ಪರಿಸಿದ. ಆಮೇಲೆ ಪಕ್ಕಕ್ಕೆ ತಿರುಗಿ ಉಗಿದ.

“ಉಪ್ಪು ಮೇಡಂ. ಕಲ್ಲುಪ್ಪು.”

“ಬಟ್ಟೆಗೆ ಬಣ್ಣ ಹಾಕೋದಕ್ಕೂ ಉಪ್ಪು ಬಳಸ್ತಾರಂತೆ. ಅದೇ ಇರಬಹುದು.”

“ಅದು ಪುಡಿ ಉಪ್ಪು, ಮೂಟೇಲಿ ಬತ್ತದೆ. ಇದ್ನ ನೋಡಿ.” ದೇವರಾಜು ಅಂಗೈ ಚಾಚಿದ. ಅರ್ಧ ಕರಗಿ ಮೊನೆ ಸವೆದ ಮೂರು ಹರಳು, ಅವಕ್ಕೆ ಅಂಟಿಕೊಂಡ ಕಂದು ನಾರು. “ಇದು ಕಾಯಿ ಮಟ್ಟೆ ನಾರು. ಉಪ್ಪೂ ಮಟ್ಟೇನೂ ಒಂದೇ ಕಡೆ ಸಿಕ್ತು ಅಂದ್ರೆ ಅದು ತೆಂಗಿನ ಗುಂಡಿ ಅಂತಾನೇ. ನಿಮ್ಮ ಅರಕಲಗೂಡು ಕಡೆ ಹೊಗೆಸೊಪ್ಪು, ಆಲೂಗೆಡ್ಡೆ ಬೆಳ್ಯೋರಿಗೆ ಇದು ಗೊತ್ತಾಗಕಿಲ್ಲ ಬುಡಿ. ನಮ್ಮ ಬಾಗೂರಲ್ಲಿ ತೆಂಗಿನ ಸಸಿ ಇಡೋವಾಗ ಮೂರಡಿ ಗುಂಡಿ ತೆಗ್ದು, ಎರಡು ಸೇರು ಉಪ್ಪು ಸುರ್ದು ಮಟ್ಟೆ ಹಾಸ್ತೀವಿ. ಗೆದ್ದಲು ಅತ್ತಕಿಲ್ಲ, ತೇವಾನೂ ಆರಕಿಲ್ಲ.”

“ಆದರೆ ಇದು ಹೊಂಗೆ ಗಿಡ.”

“ನಾನೂ ಅದ್ನೇ ಯೇಳ್ತಿರೋದು.”

ಸ್ನೇಹಲತಾ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ನೀಲವೇಣಿ ಗಾರ್ಮೆಂಟ್ಸ್‌ನ ಹಿಂದಿನ ಕಾಂಪೌಂಡಿಗೆ ಒತ್ತಿಕೊಂಡಂತೆ ನಲವತ್ತು ಹೊಂಗೆ ಸಸಿಗಳು. ಮೂವತ್ತೊಂಬತ್ತು ಚಿಗುರಿ ನಿಂತಿದ್ದವು. ನಡುವಿನ ಇದೊಂದು ಮಾತ್ರ ಎಲೆಯ ಅಂಚೆಲ್ಲ ಸುಟ್ಟು ಮುರುಟಿಕೊಂಡಿತ್ತು. ಅದರ ಮುಂದಿನ ಫಲಕದಲ್ಲಿ ಹಸಿರು ಬಣ್ಣದ ಅಕ್ಷರಗಳು: ‘ಪರಿಸರ ದಿನ, ಜೂನ್ ೫. ಮುಖ್ಯ ಸಸಿ. ನೆಟ್ಟವರು: ಹರ್ಷವರ್ಧನ್, ಮ್ಯಾನೇಜರ್.’

ಈ ಫ್ಯಾಕ್ಟರಿಯ ನೀರು ಶುದ್ಧಿ ಘಟಕದ ಆಪರೇಟರ್ ಚನ್ನಪ್ಪ ಕಾಣೆಯಾದದ್ದು ಜೂನ್ ನಾಲ್ಕರ ಸಂಜೆ. ಅಂದಿನಿಂದ ಇಂದಿಗೆ ಹತ್ತೊಂಬತ್ತು ದಿನ.

ಐವತ್ತೆರಡರ ಚನ್ನಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಜೀನ್ಸ್ ತೊಳೆದ ನೀಲಿ ನೀರನ್ನು ತಿಳಿ ಮಾಡಿ ಮತ್ತೆ ಬಳಕೆಗೆ ಕಳಿಸುವುದು ಅವನ ಕೆಲಸ. ವಿದೇಶದ ಖರೀದಿದಾರರು ಕೇಳುತ್ತಾರೆಂದು ಕಂಪನಿ ಮೂರು ವರ್ಷದ ಹಿಂದೆ ನೌಕರರದೇ ಒಂದು ‘ಹಸಿರು ಬಳಗ’ ಕಟ್ಟಿತು. ಹುಟ್ಟುಹಬ್ಬಕ್ಕೊಂದು ಸಸಿ, ಸಲಹೆ ಬರೆದು ಹಾಕುವ ಡಬ್ಬಿ, ಗೋಡೆಗೊಂದು ಚಾರ್ಟು. ಕೈಯೆತ್ತಿಸಿ ಚನ್ನಪ್ಪನನ್ನು ಅಧ್ಯಕ್ಷ ಮಾಡಿದರು. ಪ್ರತಿ ಶನಿವಾರ ಊಟದ ಹೊತ್ತಿಗೆ ಕ್ಯಾಂಟೀನಿನ ಮೈಕಿನಲ್ಲಿ ಆ ವಾರದ ನೀರಿನ ಲೆಕ್ಕ ಓದುವುದು ಅವನ ಪಾಲಿಗೆ ಬಂತು. ಕಂಪನಿಗೆ ಅದು ಫೋಟೋ ತೆಗೆಸಿಕೊಳ್ಳುವ ವಿಷಯ. ಪಾಪ, ಚನ್ನಪ್ಪ ಅದನ್ನು ನಿಜವೆಂದೇ ನಂಬಿಬಿಟ್ಟ.

ಮೇ ಕೊನೆಯ ಶನಿವಾರ ಅವನು ಓದಿದ್ದು ನಾನ್ನೂರು ಜನರ ಕಿವಿಗೂ ಬಿದ್ದಿತ್ತು. “ಈ ವಾರ ನಮ್ಮ ಘಟಕಕ್ಕೆ ಬಂದಿದ್ದು ಒಂಬತ್ತು ಲಕ್ಷ ಲೀಟರು. ಶುದ್ಧ ಆಗಿ ಓಗಿದ್ದು ಐದು ಲಕ್ಷ. ಮಿಕ್ಕ ನಾಕು ಲಕ್ಷ ಎಲ್ಲಿಗೆ ಓಯ್ತು ಅಂತ ಬರೋ ಶನಿವಾರ ಯೇಳ್ತೀನಿ ಕಣ್ರಪ್ಪ.”

ಆ ಶನಿವಾರ ಅವನ ಪಾಲಿಗೆ ಬರಲೇ ಇಲ್ಲ. ಬುಧವಾರ ಊರ ಕೆರೆ ನೀಲಿಗೆ ತಿರುಗಿತು, ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದವು. ಅದೇ ಸಂಜೆಯಿಂದ ಚನ್ನಪ್ಪ ಇಲ್ಲ. ಕುಡಿದ ಮತ್ತಿನಲ್ಲಿ ವಾಲ್ವ್ ತೆರೆದು ಕೊಳಕು ನೀರನ್ನು ಕೆರೆಗೆ ಬಿಟ್ಟು ಓಡಿಹೋದ ಎಂದು ಕಂಪನಿ ದೂರು ಕೊಟ್ಟಿತು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನ ಮೇಲೆ ಎಂಥ ಮಾತು!

ಆ ಮಾತಿಗೆ ದಿನವೂ ಬಲಿಯಾಗುತ್ತಿದ್ದವಳು ಅವನ ಹೆಂಡತಿ ಜಯಲಕ್ಷ್ಮಮ್ಮ. ದಂಡಿಗನಹಳ್ಳಿ ಹೋಬಳಿಯ ಅವಳ ಊರಿನಲ್ಲಿ ನಲ್ಲಿ ಹತ್ತಿರ ಅವಳು ಬಂದರೆ ಉಳಿದ ಹೆಂಗಸರು ಬಿಂದಿಗೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಕೆರೆಗೆ ವಿಷ ಹಾಕಿದವನ ಹೆಂಡತಿ. ಅವಳೂ ಇದೇ ಫ್ಯಾಕ್ಟರಿಯಲ್ಲಿ, ಹೊಲಿದ ಬಟ್ಟೆಯ ದಾರ ಕತ್ತರಿಸುವ ವಿಭಾಗದಲ್ಲಿದ್ದಳು. ದಿನಾ ಬರುತ್ತಿದ್ದಳು. ಗಂಡನ ಸುದ್ದಿ ಸಿಕ್ಕರೆ ಇಲ್ಲಿಯೇ ಸಿಗಬೇಕು ಎಂದು ಅವಳ ಹಟ.

ಸ್ನೇಹಲತಾಗೆ ಉಳಿದದ್ದು ಇನ್ನು ನಾಲ್ಕು ಗಂಟೆ. ಸಂಜೆ ಐದರೊಳಗೆ ಚನ್ನಪ್ಪನನ್ನು ‘ತಲೆಮರೆಸಿಕೊಂಡ ಆರೋಪಿ’ ಎಂದು ಬರೆದು ಫೈಲು ಕಳಿಸುವಂತೆ ಡಿವೈಎಸ್ಪಿ ಸಾಹೇಬರ ಹುಕುಂ ಆಗಿತ್ತು. ಹಾಗೆ ಬರೆದರೆ ಮುಗಿಯಿತು. ಓಡಿಹೋದವನನ್ನು ಊರೂರಲ್ಲಿ ಹುಡುಕುತ್ತಾರೆ. ಇಲ್ಲಿ, ಈ ಕಾಂಪೌಂಡಿನೊಳಗೆ ಯಾರೂ ಹುಡುಕುವುದಿಲ್ಲ.

“ಗಡಾರಿ ತರಿಸಿ,” ಎಂದಳು.

* * *

ಗಡಾರಿ ಬರುವ ಮೊದಲೇ ಹರ್ಷವರ್ಧನ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ಮೇಲೇರಿಸಿದ ಕಪ್ಪು ಕನ್ನಡಕ. ಅವನ ಹಿಂದೆ ಎಚ್‌ಆರ್ ವಿಭಾಗದ ಸ್ಪಂದನಾ. ಹಸಿರು ಬಳಗದ ಓಡಾಟವೆಲ್ಲ ಇವಳದೇ. ಈ ಹತ್ತೊಂಬತ್ತು ದಿನದಲ್ಲಿ ಪೊಲೀಸರಿಗೆ ಕೇಳಿದ ಕಾಗದವನ್ನೆಲ್ಲ ಇಲ್ಲವೆನ್ನದೆ ಕೊಟ್ಟವಳು ಇಡೀ ಕಂಪನಿಯಲ್ಲಿ ಇವಳೊಬ್ಬಳೇ. ಜಯಲಕ್ಷ್ಮಮ್ಮನನ್ನು ದಿನಾ ಊಟಕ್ಕೆ ಎಬ್ಬಿಸಿಕೊಂಡು ಹೋಗುತ್ತಿದ್ದವಳೂ ಇವಳೇ.

“ಮೇಡಂ, ನಾಳೆ ಆಡಿಟ್ ಇದೆ,” ಎಂದ ಹರ್ಷವರ್ಧನ್. “ಹೊರಗಿನಿಂದ ಜನ ಬರ್ತಾರೆ. ಗಿಡ ಪಿಡ ಕೀಳೋದಾದ್ರೆ ನಾಡಿದ್ದು ಇಟ್ಕೊಳ್ಳಿ.”

“ಗಿಡ ಆಗಲೇ ಸತ್ತಿದೆಯಲ್ಲ ಸರ್.”

“ಸ್ವಲ್ಪ ಒಣಗಿದೆ. ಬೇರೆ ತಂದು ನೆಡಿಸ್ತೀನಿ ಇವತ್ತೇ.”

ಬಂದ ಗಡಾರಿಯನ್ನು ದೇವರಾಜು ಪಕ್ಕದ ಸಸಿಯ ಬುಡದಲ್ಲಿ ಇಳಿಸಿದ. ಒಂದೂವರೆ ಅಡಿಗೆ ಠಣ್ಣೆಂದು ನಿಂತಿತು. ಆ ಕಡೆಯದರಲ್ಲೂ ಅಷ್ಟೇ. ಮುರುಟಿದ ಗಿಡದ ಪಕ್ಕ ಇಳಿಸಿದ. ಮೂರಡಿ ಹೋಯಿತು, ನಾಲ್ಕಡಿ ಹೋಯಿತು. ದೇವರಾಜು ಹೆಚ್ಚು ಒತ್ತಲೂ ಇಲ್ಲ, ಅದು ತಾನಾಗಿಯೇ ಇಳಿದ ಹಾಗಿತ್ತು. ಅವನ ಮುಖದ ಮೇಲಿದ್ದ ಹುಮ್ಮಸ್ಸು ಆರಿಹೋಯಿತು.

“ಇಲ್ಲಿ ಯಾರು ಗುಂಡಿ ತೋಡಿಸಿದ್ದು?” ಸ್ನೇಹಲತಾ ಕೇಳಿದಳು.

“ಕಾಂತರಾಜು. ಮೇಂಟೆನೆನ್ಸ್ ಸೂಪರ್‌ವೈಸರ್,” ಎಂದ ಹರ್ಷವರ್ಧನ್, ಪ್ರಶ್ನೆ ಮುಗಿಯುವ ಮೊದಲೇ.

ಕಾಂತರಾಜುವನ್ನು ಕರೆಸಿದರು. ನಲವತ್ತೈದರ ಗಟ್ಟಿ ಆಳು, ಹಣೆಯ ಮೇಲೆ ಬೆಳಗಿನ ವಿಭೂತಿ ಬೆವರಿಗೆ ಕರಗಿತ್ತು. ಶ್ರವಣಬೆಳಗೊಳದ ಹತ್ತಿರ ನಾಲ್ಕು ಎಕರೆ ತೆಂಗು ಇಟ್ಟುಕೊಂಡು, ಕೆಲಸಕ್ಕೂ ಬರುತ್ತಿದ್ದವನು. ಗಡಾರಿ ನಿಂತಿದ್ದ ಜಾಗ ನೋಡಿ ಅವನ ಕಾಲು ಅಲ್ಲೇ ನಿಂತವು.

“ಈ ಗುಂಡಿ ಯಾರು ತೆಗೆದದ್ದು?”

“ಎಲ್ಲಾನೂ ಮಷೀನಲ್ಲೇ ತೆಗೆಸಿದ್ದು ಮೇಡಂ. ನಲವತ್ತೂವೆ.”

“ಇದೂ?”

“ಇದೂವೆ.”

“ಮಷೀನ್ ಗುಂಡಿ ದುಂಡಗಿರುತ್ತೆ ಕಾಂತರಾಜು, ಒಂದೂವರೆ ಅಡಿ ಆಳ. ಇದು ಚೌಕ. ಮಣ್ಣು ಸಡಿಲ ಇರೋ ಗೆರೆ ಇಲ್ಲೇ ಕಾಣ್ತಿದೆ. ನಿಮ್ಮ ತೋಟದಲ್ಲಿ ತೆಂಗಿನ ಗುಂಡಿಗೆ ಏನು ಹಾಕ್ತೀರಿ?”

ಅವನು ಬಾಯಿ ಒರೆಸಿಕೊಂಡ. “ಗೊಬ್ಬರ.”

“ಇನ್ನೇನು?”

ಅವನು ಗಡಾರಿಯ ಕಡೆ ನೋಡಿದ.

“ಉಪ್ಪು ಹಾಕ್ತೀರಲ್ಲ?”

ಕಾಂತರಾಜುವಿನ ಮುಖ ಕಪ್ಪಿಟ್ಟಿತು. ಹರ್ಷವರ್ಧನ್ ಒಂದು ಹೆಜ್ಜೆ ಮುಂದೆ ಬಂದ. “ಉಪ್ಪಾ? ಗಿಡಕ್ಕೆ ಯಾರಾದರೂ ಉಪ್ಪು ಹಾಕ್ತಾರಾ? ಮೇಡಂ, ನಾನು ಹಾಸನ ಟೌನಲ್ಲಿ ಬೆಳೆದವನು. ತೆಂಗಿನ ಗುಂಡಿ ಹತ್ತಿರದಿಂದ ನೋಡಿದವನೇ ಅಲ್ಲ. ಇದೆಲ್ಲ ಗೊತ್ತಿರೋದು ಇವನಂಥವರಿಗೇ. ಇನ್ನೊಂದು ವಿಷಯ ಹೇಳ್ತೀನಿ, ಆ ಶನಿವಾರ ಇವನು ಚನ್ನಪ್ಪನ ಕೊಳಪಟ್ಟಿ ಹಿಡಿದಿದ್ದ. ಕ್ಯಾಂಟೀನಲ್ಲಿ ಎಲ್ಲರೂ ನೋಡಿದ್ದಾರೆ.”

“ಹೌದೇನ್ರೀ?” ಸ್ನೇಹಲತಾಳ ದನಿ ಗಡುಸಾಯಿತು.

“ಇಡ್ದಿದ್ದೆ ಮೇಡಂ. ಸುಳ್ಳು ಯಾಕ್ ಯೇಳ್ಳಿ.” ಕಾಂತರಾಜು ಕೈ ಮುಗಿದ. “ಅಂಗೆಲ್ಲ ಮೈಕಲ್ಲಿ ಓದ್ಬ್ಯಾಡ ಕಣ್ಲಾ, ನಾನ್ನೂರು ಜನದ ಕೆಲ್ಸಕ್ಕೆ ಕಲ್ಲು ಬೀಳ್ತದೆ, ಬಾಯ್ ಮುಚ್ಕೊಂಡಿರು ಅಂತ ಇಡ್ಕಂಡು ಅಲ್ಲಾಡಿಸಿದ್ದೆ. ಅದೇ ಕೊನೆ. ಆಮ್ಯಾಕೆ ಅವ್ನತ್ರ ಮಾತಾಡ್ಲಿಲ್ಲ. ಅದುಕ್ಕೇ ಈ ಗುಂಡಿ ವಿಷ್ಯ ಬಾಯ್ ಬುಡಕ್ಕೆ ಎದ್ರಿಕೆ ಆಯ್ತು.”

“ಗುಂಡಿ ತೆಗೆದದ್ದು ನೀವೇ ಹಾಗಾದರೆ.”

“ನಾನೇಯ. ನಾಕನೇ ತಾರೀಕು ಮದ್ಯಾನ. ಈ ಸಾಯೇಬ್ರೇ ಮುಖ್ಯ ಸಸಿ ತೆಂಗಿಂದೇ ಇರ್ಲಿ ಅಂದಿದ್ರು. ತೆಂಗು ಅಂದ್ಮ್ಯಾಕೆ ಮಷೀನ್ ಗುಂಡೀಲಿ ಇಡಕ್ಕಾಯ್ತದಾ ಅಂತ ನಾನೇ ಗುದ್ದಲಿ ಇಡ್ಕಂಡು ಮೂರಡಿ ತೆಗ್ದೆ. ಉಪ್ಪು ಮಟ್ಟೆ ಎಲ್ಲಾ ಆಕಿ ಮುಗ್ಸಿದ್ಮ್ಯಾಕೆ, ಕಾಡು ಗಿಡ ಆದ್ರೆ ಆಡಿಟ್‌ನೋರು ಜಾಸ್ತಿ ಮಾರ್ಕು ಕೊಡ್ತಾರೆ, ಹೊಂಗೆ ಇಡು ಅಂದ್ರು. ಆಯ್ತು ಬುಡಿ, ಹೊಂಗೆಗೇನು ಅಂತ ಸುಮ್ಕಾದೆ.”

“ಗುಂಡಿ ತೋಡಿದವರು ನೀವು. ಉಪ್ಪು ಹಾಕಿದವರು ನೀವು. ಜಗಳ ಆಡಿದವರೂ ನೀವು.” ಸ್ನೇಹಲತಾ ದೇವರಾಜುವಿಗೆ ಸನ್ನೆ ಮಾಡಿದಳು. ಅವನು ಕಾಂತರಾಜುವಿನ ರೆಟ್ಟೆಗೆ ಕೈ ಹಾಕಿದ. ನಿಜ ಹೇಳಬೇಕೆಂದರೆ ಆ ಕ್ಷಣ ಅವಳಿಗೆ ಕೇಸು ಮುಗಿದಂತೆಯೇ ಅನ್ನಿಸಿತ್ತು. ಸಂಜೆ ಐದರ ಚಿಂತೆ ಯಾರನ್ನಾದರೂ ಅವಸರಕ್ಕೆ ದೂಡುತ್ತದೆ.

“ಬುಡ್ರೀ ಕೈಯ್ಯ!” ಕಾಂತರಾಜು ಕೊಸರಿದ. “ಉಪ್ಪು ಅಂತೀರಲ್ಲ, ಎಲ್ಲಿ ಸಿಕ್ತು ಅದು?”

“ಇಲ್ಲೇ. ಬುಡದ ಮೇಲ್ಮಣ್ಣಲ್ಲಿ.”

“ಮ್ಯಾಲಾ?” ಅವನು ಕೊಸರುವುದನ್ನು ನಿಲ್ಲಿಸಿಬಿಟ್ಟ. “ಮ್ಯಾಲೆ ಯಾವ ಮುಠ್ಠಾಳ ಉಪ್ಪು ಆಕ್ತಾನೆ ಮೇಡಂ? ಸಸಿ ಸುಟ್ಟೋಯ್ತದೆ. ಉಪ್ಪು ಆಕೋದು ತಳಕ್ಕೆ, ಮೂರಡಿ ಕೆಳೀಕ್ಕೆ. ಅದ್ರ ಮ್ಯಾಲೆ ಮಟ್ಟೆ, ಅದ್ರ ಮ್ಯಾಲೆ ಮಣ್ಣು. ಕೇಳಿ ಬೇಕಾದ್ರೆ, ನಿಮ್ಮ ಪೊಲೀಸಪ್ಪನ್ನೇ ಕೇಳಿ.”

ದೇವರಾಜು ಹಣೆ ಹಣೆ ಚಚ್ಚಿಕೊಂಡ. ಉಪ್ಪು ಕಂಡುಹಿಡಿದ ಖುಷಿಯಲ್ಲಿ ಅದು ಎಲ್ಲಿರಬೇಕಿತ್ತು ಎಂಬುದನ್ನೇ ಮರೆತಿದ್ದ ಆಸಾಮಿ.

ಸ್ನೇಹಲತಾ ಮತ್ತೆ ಆ ಮಣ್ಣಿನ ಕಡೆ ಬಗ್ಗಿದಳು. ತಳದಲ್ಲಿ ಮಲಗಿರಬೇಕಾದ ಉಪ್ಪು, ಮಟ್ಟೆ ಎರಡೂ ಮೇಲೆ ಬಂದಿವೆ. ಅಂದರೆ ಕಾಂತರಾಜು ಕೆಲಸ ಮುಗಿಸಿದ ಮೇಲೆ ಇನ್ನೊಬ್ಬರು ಇದೇ ಗುಂಡಿಯನ್ನು ಮತ್ತೆ ತೆಗೆದಿದ್ದಾರೆ. ಮೂರಡಿ ದಾಟಿ ಇನ್ನೂ ಆಳಕ್ಕೆ ಹೋಗಿದ್ದಾರೆ. ಅಲ್ಲಿ ಉಪ್ಪಿದೆ ಎಂದು ಗೊತ್ತಿಲ್ಲದೆ ಎಲ್ಲವನ್ನೂ ಕಲಸಿ ಮುಚ್ಚಿದ್ದಾರೆ. ತೆಂಗಿನ ಗುಂಡಿ ಬಲ್ಲವನು ಈ ತಪ್ಪು ಮಾಡುವುದಿಲ್ಲ. ಈ ಸೀಮೆಯಲ್ಲಿ ಅದನ್ನು ಅರಿಯದವರು ಎಷ್ಟು ಮಂದಿ ಇದ್ದಾರು?

ಅವಳು ನಿಧಾನಕ್ಕೆ ಹರ್ಷವರ್ಧನನ ಕಡೆ ತಿರುಗಿದಳು.

“ತೆಂಗಿನ ಗುಂಡಿ ಹತ್ತಿರದಿಂದ ನೋಡಿದವನೇ ಅಲ್ಲ ಅಂದಿರಿ ಅಲ್ಲವಾ ಸರ್, ಈಗ?”

ಹರ್ಷವರ್ಧನ್ ತಲೆಯ ಮೇಲಿನ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದ. “ಅದಕ್ಕೂ ಇದಕ್ಕೂ ಏನು ಸಂಬಂಧ? ಈ ಫ್ಯಾಕ್ಟರೀಲಿ ಅರ್ಧ ಜನ ಹೊರಗಿನವರು. ಮೇಡಂ, ಐದನೇ ತಾರೀಕು ಹತ್ತೂವರೆಗೆ ಎಲ್ಲರ ಎದುರಿಗೆ ನಾನು ಈ ಗಿಡ ನೆಟ್ಟಿದ್ದು. ಫೋಟೋ ಇದೆ. ಸ್ಪಂದನಾ, ತೋರಿಸಿ.”

ಸ್ಪಂದನಾ ಮೊಬೈಲು ತೆಗೆದಳು. ಕೊಡುವಾಗ ಒಂದು ಗಳಿಗೆ ತಡೆದಳು. “ಮೇಡಂ, ಈ ಫೋಟೋ...” ಎಂದವಳು ಮಾತು ಮುಗಿಸದೆ ಕೈಗಿತ್ತಳು.

ಪ್ರತಿ ಸಸಿ ನೆಟ್ಟಾಗ ಕೆಲಸದವರಲ್ಲೇ ಒಬ್ಬ ಮುತ್ತೈದೆಯಿಂದ ಅರಿಸಿನ ಕುಂಕುಮ ಇಡಿಸಿ ಮೊದಲ ನೀರು ಹುಯ್ಯಿಸುವುದು ಹಸಿರು ಬಳಗದ ರೂಢಿ. ಫೋಟೋದಲ್ಲಿ ಹರ್ಷವರ್ಧನ್ ಸಸಿಯ ಮೇಲೆ ಕೈಯಿಟ್ಟು ಕ್ಯಾಮೆರಾ ನೋಡಿ ನಗುತ್ತಿದ್ದ. ಸುತ್ತಲೂ ನೂರಾರು ಜನ ಹಸಿರು ಟೀ ಶರ್ಟಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಸೀರೆಯ ಮೇಲೆ ಅಂಥದೇ ಟೀ ಶರ್ಟು ತೊಟ್ಟ ಹೆಂಗಸೊಬ್ಬಳು ಬಗ್ಗಿ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು.

ಜಯಲಕ್ಷ್ಮಮ್ಮ.

ಸ್ನೇಹಲತಾ ಮೊಬೈಲನ್ನು ಕೆಳಮುಖ ಮಾಡಿ ಹಿಡಿದಳು. ಹಿಂದಿನ ರಾತ್ರಿಯಿಂದ ಗಂಡ ಮನೆಗೆ ಬಂದಿಲ್ಲ. ಬೆಳಗ್ಗೆ ಹೆಂಡತಿ ಕೆಲಸಕ್ಕೆ ಬಂದಿದ್ದಾಳೆ, ಮುಂದಕ್ಕೆ ಬಾ ಎಂದಾಗ ಬಂದಿದ್ದಾಳೆ, ನೀರು ಹುಯ್ಯಿ ಎಂದಾಗ ಹುಯ್ದಿದ್ದಾಳೆ. ಅವಳ ಕಾಲಡಿಯಲ್ಲಿ ನಾಲ್ಕಡಿ ಕೆಳಗೆ... ಮುಂದೆ ಯೋಚಿಸಲು ಸ್ನೇಹಲತಾಗೆ ಆಗಲಿಲ್ಲ. ಹನ್ನೊಂದು ವರ್ಷದ ಪೊಲೀಸ್ ಕೆಲಸದಲ್ಲಿ ಎಷ್ಟೋ ಹೆಣ ಕಂಡವಳು ಆ ಚೊಂಬನ್ನು ಮತ್ತೆ ನೋಡದೆ ಮೊಬೈಲನ್ನು ಸ್ಪಂದನಾಳಿಗೆ ಹಿಂದಿರುಗಿಸಿದಳು.

“ಅಗೀರಿ,” ಎಂದಳು.

* * *

ಇಬ್ಬರು ಪಂಚರನ್ನು ಕರೆಸಿದರು. ಗುದ್ದಲಿ ಬಿದ್ದಾಗ ಊಟದ ಗಂಟೆಯೂ ಬಾರಿಸಿತು. ಯಾರೂ ಕ್ಯಾಂಟೀನಿಗೆ ಹೋಗಲಿಲ್ಲ. ಶೆಡ್ಡಿನ ಕಿಟಕಿಗಳಲ್ಲಿ, ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಜನ ತುಂಬಿಕೊಂಡರು.

ಆ ಗುಂಪು ಎರಡಾಗಿ ಬಿರಿಯಿತು. ಜಯಲಕ್ಷ್ಮಮ್ಮ ಬಂದಳು. ಕೈಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಹಾಗೇ ಇತ್ತು. ಸ್ಪಂದನಾ ಓಡಿಹೋಗಿ ಅದನ್ನು ಮೆತ್ತಗೆ ಬಿಡಿಸಿಕೊಂಡು ಅವಳ ಹೆಗಲು ಬಳಸಿ ನಿಂತಳು.

“ಅವ್ರು ಇಲ್ಲೇ ಅವ್ರಾ ಮೇಡಂ?”

“ಗೊತ್ತಿಲ್ಲಮ್ಮ. ನೋಡ್ತಾ ಇದ್ದೀವಿ. ನೀವು ಒಳಗೆ ಹೋಗಿ ಕೂತ್ಕೊಳ್ಳಿ.”

“ಈ ಗಿಡಕ್ಕೆ ನೀರು ಉಯ್ದೋಳು ನಾನೇಯ.” ಅವಳ ದನಿಯಲ್ಲಿ ಅಳುವಿರಲಿಲ್ಲ. “ನೋಡೋಳೂ ನಾನೇಯ. ಎಲ್ಲಿಗೂ ಓಗಕಿಲ್ಲ.”

ಅವಳನ್ನು ಬಲವಂತ ಮಾಡುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ.

ಗಿಡ ಬೇರುಸಮೇತ ಬಂತು. ಮೊದಲ ಅಡಿಯಲ್ಲಿ ಮಟ್ಟೆಯ ಚೂರು, ಎರಡನೆಯದರಲ್ಲೂ ಅದೇ, ಉಪ್ಪು ಮಣ್ಣು ಎಲ್ಲ ಕಲಸಿದ ರಾಡಿ. ಮೂರಡಿ ದಾಟಿತು. ಅಗೆಯುತ್ತಿದ್ದವನು ಮೂಗಿಗೆ ಟವೆಲು ಕಟ್ಟಿಕೊಂಡ. ನಾಲ್ಕಡಿಯ ಹತ್ತಿರ ಗುದ್ದಲಿಗೆ ಮೆತ್ತನೆಯದೇನೋ ತಾಗಿತು. ಅವನು ಗುದ್ದಲಿ ಬಿಸಾಡಿ ಮೇಲಕ್ಕೆ ಹತ್ತಿಬಿಟ್ಟ.

ಸ್ನೇಹಲತಾ ಬಗ್ಗಿ ನೋಡಿದಳು. ಒಂದು ಅಂಗೈಯಗಲ ಬಟ್ಟೆ ಕಾಣುತ್ತಿತ್ತು. ನೀರು ಘಟಕದವರ ಸಮವಸ್ತ್ರ ಖಾಕಿ. ಇದು ಖಾಕಿಯಲ್ಲ.

ಅಲ್ಲಿಗೆ ಕೆಲಸ ನಿಲ್ಲಿಸಿ ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದಳು. ತಹಶೀಲ್ದಾರರು, ಡಾಕ್ಟರು ಬರುವ ಹೊತ್ತಿಗೆ ಮೂರು ಗಂಟೆ ಆಯಿತು. ಅಷ್ಟೂ ಹೊತ್ತು ಜಯಲಕ್ಷ್ಮಮ್ಮ ನಿಂತ ಜಾಗದಿಂದ ಕದಲಲಿಲ್ಲ. ಸ್ಪಂದನಾ ನೀರು ಕುಡಿಸಲು ಬಾಟಲಿ ಹಿಡಿದರೆ ತುಟಿ ಬಿಗಿಹಿಡಿದಳು. ಹರ್ಷವರ್ಧನ್ ಮೂರು ಸಲ ಫೋನ್ ಮಾಡಲು ಹೊರಟ, ಮೂರು ಸಲವೂ ದೇವರಾಜು ಅಡ್ಡ ನಿಂತು, “ಇಲ್ಲೇ ಇರಿ ಸಾ, ಗಾಳಿ ಚೆನ್ನಾಗದೆ,” ಎಂದ.

ಹೆಣವನ್ನು ಮೇಲೆತ್ತಿ ಚಾಪೆಯ ಮೇಲೆ ಮಲಗಿಸಿದರು. ಇಷ್ಟು ದಿನದ ಮಣ್ಣು ಮುಖವನ್ನು ಯಾರದೆಂದು ಹೇಳುವ ಹಾಗೆ ಉಳಿಸಿರಲಿಲ್ಲ. ಡಾಕ್ಟರು ಎಡಗಾಲಿನ ಮಣ್ಣು ಒರೆಸಿದರು. ಕಿರುಬೆರಳು ಇರಲಿಲ್ಲ. ಚನ್ನಪ್ಪನದು ಎಂಟು ವರ್ಷದ ಹಿಂದೆ ಟಿಲ್ಲರಿಗೆ ಸಿಕ್ಕಿ ಹೋಗಿತ್ತು.

ಸ್ನೇಹಲತಾ ಟೋಪಿ ತೆಗೆದಳು. ಕೆರೆಗೆ ವಿಷ ಹಾಕಿ ಓಡಿಹೋದವನು ಎಲ್ಲಿಗೂ ಓಡಿರಲಿಲ್ಲ. ಜಯಲಕ್ಷ್ಮಮ್ಮನಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದೆಂದು ತಿರುಗಿದರೆ, ಅವಳು ಆಗಲೇ ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಸ್ಪಂದನಾ ಅವಳ ಜೊತೆಗೇ ಬಗ್ಗಿದ್ದಳು. ಜಯಲಕ್ಷ್ಮಮ್ಮ ನೋಡುತ್ತಿದ್ದದ್ದು ಮುಖವನ್ನಲ್ಲ, ಅಂಗಿಯನ್ನು. ಮಣ್ಣು ಮೆತ್ತಿದ ಹಸಿರು ಟೀ ಶರ್ಟು. ಎದೆಯ ಮೇಲೆ ‘ಹನಿ ಹನಿಗೂ ನಾವೇ ಹೊಣೆ’ ಎಂಬ ಬಿಳಿ ಅಕ್ಷರ ಇನ್ನೂ ಓದುವಂತಿತ್ತು.

ಅವಳು ಕತ್ತಿನ ಪಟ್ಟಿಯನ್ನು ಬೆರಳಿನಿಂದ ಮಗುಚಿದಳು. ಒಳಗೆ ಹಳದಿ ದಾರದ ಒಂದು ಪುಟ್ಟ ಹೊಲಿಗೆ.

“ಇದು ನಾನು ಆಕಿದ್ದು,” ಎಂದಳು.

“ಏನಮ್ಮ?”

“ಈ ಹೊಲಿಗೆ. ಗುರುತಿಗೆ. ಎಲ್ಲಾರ್ದೂ ಒಂದೇ ತರ ಅಂಗಿ ಅಲ್ವ, ಬದಲಾಯ್ತದೆ ಅಂತ.” ಅವಳು ತಲೆಯೆತ್ತಿದಳು. “ಬುದುವಾರ ಮನೆ ಬುಟ್ಟಾಗ ಇವ್ರು ಖಾಕಿ ಆಕಿದ್ರು ಮೇಡಂ. ಈ ಅಂಗಿ ಬಂಡಲ್ ಬಿಚ್ಚಿದ್ದೇ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಗೇಟಲ್ಲಿ. ಇವ್ರ ಎಸ್ರಲ್ಲೂ ಒಂದು ಇಸ್ಕಂಡು ಅಲ್ಲೇ ಹೊಲಿಗೆ ಆಕ್ದೆ. ಎಲ್ಲೋ ಕೆಲ್ಸದ ಮ್ಯಾಲೆ ಓಗವ್ರೆ, ಬಂದಾಗ ಆಕ್ಕತಾರೆ ಅಂತ.”

ಬುಧವಾರ ಸಂಜೆಯೇ ಚನ್ನಪ್ಪನ ಕಥೆ ಮುಗಿದಿತ್ತು ಎಂದು ಸ್ನೇಹಲತಾ ಕಟ್ಟಿಕೊಂಡಿದ್ದ ಲೆಕ್ಕವೆಲ್ಲ ಒಂದೇ ಏಟಿಗೆ ಉರುಳಿತು. ಹೆಣಕ್ಕೆ ಹೊಸ ಅಂಗಿ ತೊಡಿಸುವ ಉಸಾಬರಿಗೆ ಯಾವ ಕೊಲೆಗಾರನೂ ಹೋಗುವುದಿಲ್ಲ. ಚನ್ನಪ್ಪ ಅದನ್ನು ತಾನೇ ತೊಟ್ಟುಕೊಂಡಿದ್ದಾನೆ. ಒಂಬತ್ತರಿಂದ ಹತ್ತೂವರೆವರೆಗೆ ಎಲ್ಲರ ಕಣ್ಣೆದುರು ಅಗೆಯುವುದು ಸಾಧ್ಯವಿಲ್ಲ, ಅಂದರೆ ಗುಂಡಿಯನ್ನು ಎರಡನೆಯ ಸಲ ತೋಡಿದ್ದು ಸಸಿ ನೆಟ್ಟ ಮೇಲೆ. ಅಂದರೆ ಆ ಚಪ್ಪಾಳೆಯ ಹೊತ್ತಿನಲ್ಲಿ ಅವನು ಈ ಕಾಂಪೌಂಡಿನೊಳಗೇ ಎಲ್ಲೋ ಇದ್ದ.

ಜಯಲಕ್ಷ್ಮಮ್ಮ ಅವಳಿಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿದ್ದಳು.

“ನಾನು ನೀರು ಉಯ್ಯೋವಾಗ ಇವ್ರು ಬದುಕಿದ್ರಾ ಮೇಡಂ?”

ತಹಶೀಲ್ದಾರರು ಮುಖ ಬೇರೆಡೆ ತಿರುಗಿಸಿಕೊಂಡರು. ಸ್ನೇಹಲತಾ ಅವಳೆದುರು ಮಣ್ಣಿನಲ್ಲೇ ಮಂಡಿಯೂರಿದಳು. ಈ ಹೆಂಗಸಿನ ಮುಂದೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

“ಇದ್ದರು ಅಮ್ಮ.”

ಆ ಮಾತು ಜಯಲಕ್ಷ್ಮಮ್ಮನ ಮುಖದ ಮೇಲೆ ಏನು ಮಾಡಿತೆಂದು ನೋಡಲಾರದೆ ದೇವರಾಜು ಕಣ್ಣೊರೆಸಿಕೊಂಡ. ಅವಳು ಅಳಲಿಲ್ಲ. ಗಂಡನ ಕತ್ತಿನ ಪಟ್ಟಿಯನ್ನು ಸರಿ ಮಾಡಿ, ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.

“ಒಂದೇ ಒಂದು ಮಾತು ಹೇಳಿ,” ಎಂದಳು ಸ್ನೇಹಲತಾ. “ಈ ಅಂಗಿ ಅವತ್ತು ಬೆಳಗ್ಗೆ ನಿಮ್ಮ ಕೈಯಲ್ಲಿತ್ತು. ನಿಮ್ಮ ಕೈಯಿಂದ ಯಾರ ಕೈಗೆ ಹೋಯಿತು?”

“ಅವ್ರ ಲಾಕರಲ್ಲಿ ಇಡ್ತೀನಿ ಕೊಡಿ ಅಂದ್ರು. ಕೊಟ್ಟೆ.”

“ಯಾರು?”

ಜಯಲಕ್ಷ್ಮಮ್ಮ ಹರ್ಷವರ್ಧನನ ಕಡೆ ನೋಡಲಿಲ್ಲ. ಕಾಂತರಾಜುವಿನ ಕಡೆಯೂ ನೋಡಲಿಲ್ಲ. ತನ್ನ ಹೆಗಲ ಮೇಲಿದ್ದ ಕೈಯನ್ನು ನೋಡಿದಳು.

“ಇವ್ರೇ ಅಲ್ವಾ,” ಎಂದಳು. “ಸ್ಪಂದನಾ ಮೇಡಂ.”

ಆ ಅಂಗಿ ಚನ್ನಪ್ಪನ ಮೈಮೇಲೆ ಬಂದಿದೆ ಎಂದರೆ ಅವನು ಎಲ್ಲಿದ್ದನೆಂದು ಅವಳಿಗೆ ಅವತ್ತೇ ಗೊತ್ತಿತ್ತು. ಸ್ಪಂದನಾ ಕೈ ತೆಗೆಯಲಿಲ್ಲ.